ಹಂಡ್ಯಾನ ಸೋಮವಾರ

ಸದ್ದಿನಿಂದ ಎಣ್ಣೆ ತೆಗೆಯುತ್ತಾರಂತೆ ಎಂಬ ಸುದ್ದಿ ಬಂದಾಗ ಕಣವಿಹಾಳದ ಜನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಬೀಜ ಹಿಂಡಿದರೆ ಎಣ್ಣೆ ಬರುತ್ತದೆ, ಸರಿ. ಗದರಿಸಿದರೆ ಬಂದೀತೇ? ಚಹಾದಂಗಡಿಯ ಕಟ್ಟೆಯ ಮೇಲೆ ಕೂತವನೊಬ್ಬ ಒಂದು ಹಿಡಿ ಕುಸುಬೆಯನ್ನು ಅಂಗೈಯಲ್ಲಿಟ್ಟುಕೊಂಡು, "ಎಣ್ಣಿ ಬಿಡ್ತಿಯೋ ಇಲ್ಲೋ?" ಎಂದು ಒದರಿದ್ದನ್ನು ಊರು ಬಹಳ ದಿನ ನೆನೆದು ನಕ್ಕಿತು. ಕೊನೆಗೆ ಯಂತ್ರ ಬಂದು ಗಾಣಿಗೇರ ಈರಪ್ಪನ ಹಳೆಯ ಗಾಣದ ಮನೆಯಲ್ಲಿ ಕೂತ ದಿನ, ನೋಡಲು ನೆರೆದವರಿಗೆ ಇನ್ನೂ ದೊಡ್ಡ ನಿರಾಸೆ ಕಾದಿತ್ತು. ಸದ್ದೇ ಬರಲಿಲ್ಲ.

"ಚಾಲೂ ಮಾಡ್ರಿ ಮೇಡಮ್ಮಾರ, ಜನಾ ಕಾಯಾಕತ್ತಾರ," ಎಂದ ಈರಪ್ಪ.

"ಚಾಲೂ ಆಗೇತ್ರಿ ಕಾಕಾ. ಆಗಲೇ ಆತು," ಎಂದಳು ಯಂತ್ರದ ಜೊತೆ ಧಾರವಾಡದಿಂದ ಬಂದಿದ್ದ ಎಂಜಿನಿಯರ್ ನೀಲಗಂಗಾ.

ಎಲ್ಲರೂ ಕಿವಿ ನಿಮಿರಿಸಿದರು. ಉಕ್ಕಿನ ತೊಟ್ಟಿ ತಣ್ಣಗೆ ನಿಂತಿತ್ತು, ಅದರ ತಲೆಯ ಮೇಲೊಂದು ಹಸಿರು ದೀಪ ಮಾತ್ರ ಉರಿಯುತ್ತಿತ್ತು. ಇದು ಮನುಷ್ಯರ ಕಿವಿಗೆ ನಿಲುಕದ ಸದ್ದು, ಶ್ರವಣಾತೀತ ಧ್ವನಿ ಎಂದು ಅವಳು ವಿವರಿಸಿದಳು. ಕೇಳದ ಸದ್ದಿಗೆ ಇಷ್ಟು ದೊಡ್ಡ ತೊಟ್ಟಿ ಯಾಕೆ ಎಂದು ಯಾರೋ ಹಿಂದಿನಿಂದ ಕೇಳಿದರು. ಅಷ್ಟರಲ್ಲಿ ತೊಟ್ಟಿಯ ಕೆಳಗಿನ ನಳದಿಂದ ಬಂಗಾರದ ಬಣ್ಣದ ಎಣ್ಣೆ ಎಳೆಯಾಗಿ ಇಳಿಯತೊಡಗಿತು. ಈರಪ್ಪನ ಹೆಂಡತಿ ಗುರುಬಸವ್ವ ಬೆರಳದ್ದಿ ಮೂಸಿದಳು, ನಾಲಗೆಗಿಟ್ಟುಕೊಂಡಳು. "ಖರೇ ಕುಸುಬಿ ಎಣ್ಣಿ ಐತಿ ಬಿಡ್ರಿ," ಎಂದು ಅವಳು ತೀರ್ಪು ಕೊಟ್ಟ ಮೇಲೆ ಊರು ನಗುವುದನ್ನು ಬಿಟ್ಟು ಡಬ್ಬಿ ಹುಡುಕಲು ಹೋಯಿತು.

ಆ ಹೊತ್ತಿಗೆ, ಪೆಟ್ರೋಲಿನಿಂದ ಬರುವ ದ್ರಾವಕದಲ್ಲಿ ಬೀಜ ನೆನೆಸಿ ಎಣ್ಣೆ ಎಳೆಯುವುದನ್ನು ದೇಶದಲ್ಲಿ ನಿಲ್ಲಿಸಿ ಕೆಲವು ವರ್ಷಗಳಾಗಿದ್ದವು. ಹೊಗೆ ಉಗುಳುವ ದೊಡ್ಡ ಕಾರ್ಖಾನೆಗಳು ಬಾಗಿಲು ಹಾಕಿದ್ದವು. ಮರದ ಗಾಣಗಳು ಅದಕ್ಕೂ ಎಷ್ಟೋ ಮೊದಲೇ ನಿಂತಿದ್ದವು. ಅವುಗಳಲ್ಲಿ ಕಡೆಯ ತನಕ ಉಳಿದಿದ್ದ ಈರಪ್ಪನ ಗಾಣದ ಒರಳು ಸೀಳಿದಾಗ ಅಂಥದ್ದನ್ನು ಕೆತ್ತಬಲ್ಲ ಬಡಿಗ ಸುತ್ತಲ ಸೀಮೆಯಲ್ಲಿ ಯಾರೂ ಉಳಿದಿರಲಿಲ್ಲ. ಧಾರವಾಡದ ಸಂಶೋಧನಾ ಕೇಂದ್ರದವರು ಸದ್ದಿನ ಗಾಣವನ್ನು ಕಟ್ಟಿದ್ದು ಈ ತೆರಪನ್ನು ತುಂಬುವುದಕ್ಕೆ. ಕುಸುಬೆಯನ್ನು ಸಂಜೆ ನೀರಲ್ಲಿ ನೆನೆಸಬೇಕು. ಬೆಳಿಗ್ಗೆ ರುಬ್ಬಿದರೆ ಹಾಲಾಗುತ್ತದೆ. ಆ ಹಾಲಿನೊಳಗೆ ಉಕ್ಕಿನ ಕೊಂಬುಗಳು ಕಣ್ಣಿಗೆ ಕಾಣದಷ್ಟು ವೇಗವಾಗಿ ನಡುಗುತ್ತವೆ. ಲಕ್ಷಾಂತರ ಸಣ್ಣ ಗುಳ್ಳೆಗಳು ಹುಟ್ಟಿ ಪಟಪಟನೆ ಒಡೆಯುತ್ತವೆ. ಬೀಜದ ಕಣಗಳಲ್ಲಿ ಎಣ್ಣೆಯನ್ನು ಬಚ್ಚಿಟ್ಟುಕೊಂಡ ಪುಟ್ಟ ಗೋಡೆಗಳಿರುತ್ತವಲ್ಲ, ಆ ಗುಳ್ಳೆಗಳ ಹೊಡೆತಕ್ಕೆ ಅವು ಹರಿದು ಎಣ್ಣೆ ತೇಲಿ ಬರುತ್ತದೆ. ಬೆಂಕಿಯಿಲ್ಲ, ವಿಷವಿಲ್ಲ, ಮಾಳಿಗೆಯ ಮೇಲಿನ ಬಿಸಿಲಿನ ಹಲಗೆಗಳು ಕೊಡುವ ವಿದ್ಯುತ್ತೇ ಸಾಕು. ಇನ್ನು ಎಣ್ಣೆ ಉಳಿದಿಲ್ಲ ಎಂಬುದನ್ನು ತೊಟ್ಟಿ ತನ್ನದೇ ಸದ್ದಿನ ಮರುದನಿಯಿಂದ ತಿಳಿದುಕೊಂಡು ತಾನಾಗಿ ನಿಲ್ಲುತ್ತಿತ್ತು.

ನೀಲಗಂಗಾ ಈರಪ್ಪನ ಮನೆಯ ಹೊರಗಿನ ಕೋಣೆಯಲ್ಲೇ ಬಿಡಾರ ಹೂಡಿದಳು. ಶನಿವಾರ ಸಂಜೆ ಧಾರವಾಡಕ್ಕೆ ತಾಯಿಯ ಹತ್ತಿರ ಹೋಗಿ, ಸೋಮವಾರ ಕೇಂದ್ರದ ಸಭೆ ಮುಗಿಸಿ, ಮಂಗಳವಾರ ಮಧ್ಯಾಹ್ನ ತಿರುಗಿ ಬರುವುದು ಅವಳ ರೂಢಿ. ಅವಳಿಲ್ಲದಾಗ ಯಂತ್ರ ಗುರುಬಸವ್ವನ ಕೈಯಲ್ಲಿ. ಆಕೆ ತೊಟ್ಟಿಯನ್ನು ಸೊಸೆಯ ಹಾಗೆ ನೋಡಿಕೊಳ್ಳುತ್ತಿದ್ದಳು, ಅಂದರೆ ಒಂದೇ ಸಮನೆ ತಪ್ಪು ಹುಡುಕುತ್ತ, ಬೇರೆಯವರು ಮುಟ್ಟಲು ಬಂದರೆ ಮಾತ್ರ ಮೈಮೇಲೆ ಹೋಗುತ್ತ. ತಿಂಗಳೊಪ್ಪತ್ತಿನಲ್ಲಿ 'ಮೇಡಮ್ಮಾರು' ಹೋಗಿ 'ನೀಲವ್ವ' ಉಳಿದಳು. ರೊಟ್ಟಿಗೆ ಗುರೆಳ್ಳು ಚಟ್ನಿಯ ಮೇಲೆ ಹೊಸ ಎಣ್ಣೆ ಸುರಿದು ಕೊಡುವಾಗ ಗುರುಬಸವ್ವ, "ಸೊರಗಿ ಕಡ್ಡಿ ಆಗೀಯವ್ವ, ನಿನ್ನ ಸದ್ದ ನಿನಗ ಉಣ್ಣಾಕ ಹಾಕಂಗಿಲ್ಲ," ಎಂದು ಇನ್ನಷ್ಟು ಸುರಿಯುತ್ತಿದ್ದಳು.

ಆ ಮನೆಯಲ್ಲಿ ನೀಲಗಂಗಾಳಿಗೆ ಬಹಳ ಮೆಚ್ಚುಗೆಯಾದವನು ಹಂಡ್ಯಾ. ಕಪ್ಪು ಬಿಳಿ ಮಚ್ಚೆಯ, ಕೊಂಬು ಸವೆದ ಮುದಿ ಎತ್ತು. ಗಾಣ ನಿಲ್ಲುವ ತನಕ ಅದನ್ನು ತಿರುಗಿಸಿದ್ದು ಅದೇ. ಈಗ ಗಾಣದ ಮನೆಯ ಹಿಂದಿನ ಬಯಲಲ್ಲಿ ಗೂಟಕ್ಕೆ ಕಟ್ಟಿರುತ್ತಿದ್ದರು. ಆ ವಯಸ್ಸಿನಲ್ಲೂ ಅದು ಸುಮ್ಮನೆ ಮಲಗುವ ಪೈಕಿಯಲ್ಲ. ಅವಳು ಕಿಟಕಿಯಿಂದ ನೋಡಿದಾಗಲೆಲ್ಲ ಗೂಟದ ಸುತ್ತ ಗಂಭೀರವಾಗಿ ಹೆಜ್ಜೆ ಹಾಕುತ್ತಿರುತ್ತಿತ್ತು. ಅದರದೊಂದು ವಿಡಿಯೋ ಮಾಡಿ ತಾಯಿಗೆ ಕಳಿಸಿ, "ನೋಡವ್ವ, ಇದರ ಹಂಗ ದಿನಾ ನಡೀಬೇಕು, ಮೊಣಕಾಲು ನೋಯಂಗಿಲ್ಲ," ಎಂದು ಬುದ್ಧಿಯನ್ನೂ ಹೇಳಿದ್ದಳು.

ಎಲ್ಲ ಸುಸೂತ್ರವಾಗಿತ್ತು, ಒಂದು ಸಣ್ಣ ಗಂಟು ಬಿಟ್ಟರೆ. ಕೇಂದ್ರದ ಮುಖ್ಯಸ್ಥ ಡಾಕ್ಟರ್ ಅರಕೇರಿಯವರು ಒಂದು ದಿನ ಪರದೆಯ ಮೇಲೆ ಬಂದು ಕನ್ನಡಕ ಹಣೆಗೇರಿಸಿದರು.

"ನೀಲಗಂಗಾ, ನಿಮ್ಮ ಊರಾಗ ಮಂಗಳವಾರ ಏನರೆ ವಿಶೇಷ ಅದ ಏನು? ಪ್ರತಿ ವಾರ ಸೋಮವಾರ ನಮಗ ಏನೂ ಮಾಹಿತಿ ಬರಂಗಿಲ್ಲ. ಮಂಗಳವಾರ ನೋಡಿದ್ರ ಎಣ್ಣಿ ಜಾಸ್ತಿ, ವಿದ್ಯುತ್ ಅರ್ಧಕ್ಕರ್ಧ ಕಡಿಮಿ."

"ಸೋಮವಾರ ನೆಟ್‌ವರ್ಕ್ ಹೋಗ್ತಿರಬೇಕು ಸರ್. ಆ ದಿನದ ಎಣ್ಣಿ ಮಂಗಳವಾರದ ಲೆಕ್ಕಕ್ಕ ಸೇರಿರಬೇಕು."

"ಹಂಗಿದ್ರ ವಿದ್ಯುತ್ತೂ ಸೇರಬೇಕಲ್ಲ? ಮೀಟರ್‌ಗೆ ಮಂಪರು ಹತ್ತೇದ. ಒಂದ್ಸಲ ಸೋಮವಾರ ಅಲ್ಲೇ ಇದ್ದು ನೋಡು. ಈ ಗಾಣ ಬರೇ ಬಿಸಿಲಿನ ಮ್ಯಾಲೆ ನಡೀತದ ಅಂತ ತೋರಸಿದ್ರನ ಬ್ಯಾರೆ ಊರಿಗೆ ಕೊಡಾಕ ಬರತದ."

ಮುಂದಿನ ವಾರ ಅವಳು ಸೋಮವಾರದ ಸಭೆಗೆ ಚಕ್ಕರ್ ಹೊಡೆದು, ಊರಲ್ಲಿ ಯಾರಿಗೂ ಹೇಳದೆ, ಬೆಳಗಿನ ಬಸ್ಸಿಗೇ ಕಣವಿಹಾಳಕ್ಕೆ ಬಂದಿಳಿದಳು. ಗಾಣದ ಮನೆಗೆ ಬೀಗ ಬಿದ್ದಿತ್ತು. ಕಿಟಕಿಯಿಂದ ಇಣುಕಿದರೆ ನೆನೆಸಿದ ಕುಸುಬೆ ಪೀಪಾಯಿಯಲ್ಲಿ ಹಾಗೇ ಇತ್ತು. ಹಿಂದಿನ ಬಯಲಿಗೆ ಹೋಗಿ ನೋಡುತ್ತಾಳೆ, ಹಂಡ್ಯಾ ಕಾಲು ಮಡಚಿ ಮಲಗಿ ಕಣ್ಣು ಅರೆಮುಚ್ಚಿ ಮೆಲುಕು ಹಾಕುತ್ತಿದೆ. ಈರಪ್ಪ ಪಕ್ಕದಲ್ಲಿ ಕೂತು ಅದರ ಹೆಗಲಿನ ಜಡ್ಡಿಗೆ ಎಣ್ಣೆ ತಿಕ್ಕುತ್ತಿದ್ದಾನೆ. ಹಗಲಲ್ಲಿ ಹಂಡ್ಯಾ ಮಲಗಿದ್ದನ್ನು ತಾನು ಒಮ್ಮೆಯೂ ಕಂಡಿರಲಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು.

ಅವಳನ್ನು ಕಂಡು ಈರಪ್ಪ ಕದ್ದು ಸಿಕ್ಕಿಬಿದ್ದವನಂತೆ ಎದ್ದು ನಿಂತ.

"ಕಾಕಾ, ಸೋಮವಾರ ಗಾಣ ಬಂದ್ ಇಡತೀರೇನು?"

"ಸೋಮವಾರ ಎತ್ತಿನ ಹೆಗಲಿಗೆ ನೊಗಾ ಇಡಂಗಿಲ್ಲವ್ವ. ಹಿಂದಿನಿಂದ ಬಂದದ್ದು. ನಿನಗ ಗೊತ್ತಿಲ್ಲದ್ದಲ್ಲ."

"ಎತ್ತಿಗೆ ಸರಿ. ನನ್ನ ತೊಟ್ಟಿಗೆ ಯಾವ ನೊಗಾ ಐತ್ರಿ?"

ಗುರುಬಸವ್ವ ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದಳು. ಗಂಡನ ಬದಲು ತಾನೇ ಹೇಳಿದಳು. "ನೀಲವ್ವ, ನಿನ್ನ ಗಾಣ ಚಾಲೂ ಆತಂದ್ರ ಹಂಡ್ಯಾ ಎದ್ದ ನಡ್ಯಾಕ ಚಾಲೂ ಮಾಡತಾನ. ನಿಂತ ಮ್ಯಾಲೆನ ನಿಂದರತಾನ. ಮ್ಯಾವ ಹಾಕಿದ್ರೂ ಮುಟ್ಟಂಗಿಲ್ಲ. ನಮಗ ಕೇಳಂಗಿಲ್ಲ ಅಂತೀಯಲ್ಲ ಸದ್ದ, ಅದು ಅವಗ ಕೇಳತೈತಿ."

"ಕಣ್ಣಿಗೆ ಅರಿಬಿ ಕಟ್ಟಿ ದುಡಿಸೇನಿ," ಎಂದ ಈರಪ್ಪ ಮೆಲ್ಲಗೆ. "ಗಾಣದ ಕಿರ್ರ್ ಅನ್ನೂ ಸದ್ದಿನ ಮ್ಯಾಲೇನ ಅವ ನಡಿಯಾಂವ. ಸದ್ದ ಇತ್ತು, ನಡಿ. ಸದ್ದ ನಿಂತು, ನಿಲ್ಲು. ಬ್ಯಾರೆ ಏನೂ ಕಲಿಸಿಲ್ಲ ನಾ ಅವಗ. ಊರಿಗೆಲ್ಲ ಚಲೋ ಆಗಾಕತ್ತಿದ್ದ ಯಂತ್ರಾ, ಹೆಂಗ ಹೇಳೂದಂತ ಸುಮ್ಮನಾದೆ. ಒಂದಿನಾರ ಅವಗ ಸೂಟಿ ಇರಲಿ ಅಂತ ಸೋಮವಾರ ಕೀಲಿ ಹಾಕತೇನಿ. ಬೀಜದ ಲೆಕ್ಕಾ ತಪ್ಪಿ ಧಾರವಾಡದವರಿಗೆ ಸಂಶೆ ಬರಬಾರದಂತ ಭಾನುವಾರ ಕುಸುಬಿ ಮಾತ್ರ ನೆನಸಿ ಇಡತಿದ್ವಿ."

ನೀಲಗಂಗಾ ಅಂದು ಯಂತ್ರ ಮುಟ್ಟಲಿಲ್ಲ. ಮಂಗಳವಾರ ಬೆಳಿಗ್ಗೆ ತಾನು ಬಯಲಲ್ಲಿ ನಿಂತು ಗುರುಬಸವ್ವನಿಗೆ ಚಾಲೂ ಮಾಡಲು ಹೇಳಿದಳು. ಅವಳ ಕಿವಿಗೆ ಏನೂ ಬೀಳಲಿಲ್ಲ. ಹಂಡ್ಯಾನ ಕಿವಿ ಮಾತ್ರ ಗಾಣದ ಮನೆಯ ಕಡೆ ತಿರುಗಿತು. ಮುಂಗಾಲಿನ ಮೇಲೆ ಭಾರ ಹಾಕಿ, ತಿಣುಕಿ, ಎದ್ದಿತು. ಕಣ್ಣಿಗೆ ಬಟ್ಟೆಯಿಲ್ಲದಿದ್ದರೂ ಕಣ್ಣು ಮುಚ್ಚಿಕೊಂಡು ನಡೆಯತೊಡಗಿತು. ನಿಲ್ಲಿಸಿ ಎಂದು ಕೂಗಿದಳು; ಅದು ಗಕ್ಕನೆ ನಿಂತಿತು. ಮತ್ತೆ ಚಾಲೂ ಮಾಡಿಸಿದಳು, ಮತ್ತೆ ನಡೆಯಿತು. ಗೂಟದ ಸುತ್ತ ನೆಲ ಸವೆದು ಹಾದಿ ಬಿದ್ದಿತ್ತು, ಅದನ್ನು ಅವಳು ಇಷ್ಟು ದಿನ ನೋಡಿಯೂ ನೋಡಿರಲಿಲ್ಲ. ಇದನ್ನೇ ವಿಡಿಯೋ ಮಾಡಿ ಮೆಚ್ಚಿಕೊಂಡೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಂಕಟವಾಯಿತು. ಆ ಸಂಕಟದಲ್ಲಿ, ತೊಟ್ಟಿ ಅಂದು ಬೇಗನೆ ಕೆಲಸ ಮುಗಿಸಿ ತಾನಾಗಿ ನಿಂತದ್ದರ ಕಡೆ ಅವಳು ಅಷ್ಟಾಗಿ ಲಕ್ಷ್ಯ ಕೊಡಲಿಲ್ಲ.

ಎತ್ತಿನ ಕಿವಿ ಮನುಷ್ಯರ ಕಿವಿಗಿಂತ ಬಹಳ ಮೇಲಿನ ಶ್ರುತಿಯ ತನಕ ಕೇಳುತ್ತದೆ ಎಂಬುದನ್ನು ಅವಳು ಎಂದೋ ಓದಿ ಮರೆತಿದ್ದಳು. ಈಗ ಬಿಟ್ಟೂಬಿಡದೆ ಅದರ ಬೆನ್ನು ಹತ್ತಿದಳು. ತೊಟ್ಟಿಗೆ ರಬ್ಬರಿನ ಅಂಗಿ ತೊಡಿಸಿದಳು, ಗೋಡೆಗೆ ಹತ್ತಿಯ ಹಾಸಿಗೆ ಹೊಡೆಸಿದಳು. ಗುರುಬಸವ್ವ ತನ್ನ ಹಳೆಯ ಕೌದಿಗಳನ್ನೂ ದಾನ ಮಾಡಿದಳು. ಆದರೂ ಸದ್ದು ಕೊಳವೆಯ ಗುಂಟ, ನೆಲದ ಕಲ್ಲಿನ ಗುಂಟ ನುಸುಳಿ ಹೋಗಿ ಹಂಡ್ಯಾನನ್ನು ಎಬ್ಬಿಸಿತು. ಎತ್ತಿಗೂ ಕೇಳದಷ್ಟು ಶ್ರುತಿ ಏರಿಸಿದಳು. ಹಂಡ್ಯಾ ಆಗ ಸುಮ್ಮನೆ ನಿಂತಿತು, ನಿಜ. ಆದರೆ ಎಣ್ಣೆಯೂ ನಿಂತಿತು. ಶ್ರುತಿ ಏರಿದಷ್ಟೂ ಗುಳ್ಳೆಗಳು ಸಣ್ಣವಾಗುತ್ತವೆ, ಅವುಗಳ ಪೆಟ್ಟೂ ಮೆತ್ತಗಾಗುತ್ತದೆ. ಕುಸುಬೆಯ ಗಟ್ಟಿ ಗೋಡೆ ಆ ಪೆಟ್ಟಿಗೆ ಜಗ್ಗಲಿಲ್ಲ. ದಿನವಿಡೀ ಓಡಿಸಿದರೂ ತೊಟ್ಟಿಯಲ್ಲಿ ಬೆಳ್ಳನೆಯ ಹಾಲು ಹಾಲಾಗೇ ಉಳಿಯಿತು.

ಇತ್ತ ಹಂಡ್ಯಾನ ಪಕ್ಕೆಲುಬು ಎದ್ದು ಕಾಣತೊಡಗಿದ್ದವು. ಕಡೆಗೆ ಈರಪ್ಪನೇ ಒಂದು ತೀರ್ಮಾನಕ್ಕೆ ಬಂದ. ಊಟಕ್ಕೆ ಕೂತಾಗ, ರೊಟ್ಟಿ ಮುರಿಯುತ್ತ, ಯಾರ ಮುಖವನ್ನೂ ನೋಡದೆ ಹೇಳಿದ.

"ಹಂಡ್ಯಾನ್ನ ಅಳಿಯಾನ ಊರಿಗೆ ಕಳಸತೇನಿ. ಟೆಂಪೋ ತರತೇನಿ ಅಂದಾನ."

"ಬ್ಯಾಡ ಕಾಕಾ. ನಾನು ತೊಟ್ಟಿ ಬಿಚ್ಚಿ ಒಯ್ಯತೇನಿ. ಬ್ಯಾರೆ ಕಡೆ ಜಾಗಾ ನೋಡತೇನಿ."

"ಊರಾಗ ಇನ್ನೆಲ್ಲಿ ಜಾಗಾ ಐತಿ? ಹುಚ್ಚರಂಗ ಮಾತಾಡಬ್ಯಾಡ. ಊರ ಮಂದಿಗೆಲ್ಲ ಎಣ್ಣಿ, ದನಕ್ಕೆಲ್ಲ ಹಿಂಡಿ ಸಿಗಾಕತ್ತೈತಿ. ಒಂದ ಎತ್ತಿನ ಸಲುವಾಗಿ ಅದನ್ನ ನಿಲ್ಲಸಿದ್ರ ನಾ ಯಾರಿಗೆ ಮಾರಿ ತೋರಸಲಿ?" ಎಂದ ಈರಪ್ಪ. ಆಮೇಲೆ ರೊಟ್ಟಿಯ ಚೂರನ್ನು ಕೈಯಲ್ಲೇ ಹಿಡಿದು ಕೂತ. ಬಾಯಿಗೆ ಇಟ್ಟುಕೊಳ್ಳಲಿಲ್ಲ. ಕಟ್ಟುವ ಜಾಗ ಬದಲಾದರೆ ಮುದಿ ಎತ್ತು ಬಹಳ ದಿನ ಬದುಕುವುದಿಲ್ಲ ಎಂಬುದು ಅಲ್ಲಿ ಕೂತ ಮೂವರಿಗೂ ಗೊತ್ತಿತ್ತು.

ಅಳಿಯ ಸೋಮವಾರ ಬರುವವನಿದ್ದ. ಕಳಿಸುವ ಮುನ್ನ ಹಂಡ್ಯಾನಿಗೆ ಸಿಹಿ ತಿನ್ನಿಸಬೇಕೆಂದು ಗುರುಬಸವ್ವ ಭಾನುವಾರ ಸಂಜೆಯೇ ಕುಸುಬೆ ಹಾಲಿನ ಹುಗ್ಗಿಗೆ ಬೀಜ ನೆನೆಸಿದಳು. ಅದೇ ಹೊತ್ತಿಗೆ ರೂಢಿಯಂತೆ ಗಾಣದ ಪೀಪಾಯಿಯಲ್ಲೂ ನೆನೆಸಿದಳು. ಆದರೆ ಸೋಮವಾರ ಬೆಳಿಗ್ಗೆ ಈರಪ್ಪನಿಗೆ ವಾರ ನೆನಪಾಯಿತೋ ಏನೋ, ಅಳಿಯನಿಗೆ ಫೋನು ಹಚ್ಚಿ, "ಇವತ್ತ ಸೋಮವಾರ ಐತ್ರಿ, ಎತ್ತ ಎಬ್ಬಿಸಿ ಹಾದಿಗೆ ಹಚ್ಚಬಾರದು, ನಾಳೆ ಬರ್ರಿ," ಎಂದ. ಧಾರವಾಡಕ್ಕೆ ಹೋಗದೆ ಉಳಿದಿದ್ದ ನೀಲಗಂಗಾ ಆ ಇಡೀ ದಿನ ಬಯಲಲ್ಲೇ ಹಂಡ್ಯಾನ ಹತ್ತಿರ ಕೂತು ಕಳೆದಳು. ಹುಗ್ಗಿಯೂ ಒಂದು ದಿನ ಮುಂದೆ ಹೋಯಿತು.

ಮಂಗಳವಾರ ನಸುಕು ಹರಿಯುತ್ತಲೇ ಗುರುಬಸವ್ವ ನೆನೆದ ಕುಸುಬೆಯನ್ನು ಒರಳಿಗೆ ಹಾಕಿದಳು. ಗುಂಡು ಒಂದೆರಡು ಸುತ್ತು ತಿರುಗಿತೋ ಇಲ್ಲವೋ, ನಿಲ್ಲಿಸಿಬಿಟ್ಟಳು.

"ಇದೇನವ್ವ, ಹಾಕೂದ್ರಾಗ ಹಾಲಾತು! ಎರಡ ರಾತ್ರಿ ನೀರಾಗ ಬಿದ್ದೈತಲ್ಲ, ಮೆತ್ತಗ ಬೆಣ್ಣಿ ಆಗೇತಿ."

ಚಹಾ ಕುಡಿಯುತ್ತಿದ್ದ ನೀಲಗಂಗಾ ಲೋಟ ಕೆಳಗಿಟ್ಟು ಒರಳಿನಿಂದ ಒಂದು ಇಡೀ ಬೀಜ ತೆಗೆದು ಬೆರಳ ನಡುವೆ ಒತ್ತಿದಳು. ಅದು ಹಿಸುಕಿ ಹೋಗಿ ಬೆರಳು ಜಿಡ್ಡಾಯಿತು. ಒಂದು ರಾತ್ರಿ ನೆನೆದ ಬೀಜ ಎಂದೂ ಹೀಗೆ ಸೋತಿರಲಿಲ್ಲ. ಎರಡು ರಾತ್ರಿ! ಸೋಮವಾರ ಬೀಗ ಬಿದ್ದ ಪ್ರತಿ ವಾರವೂ ಭಾನುವಾರದ ಬೀಜ ಎರಡು ರಾತ್ರಿ ನೆನೆದು ಮಂಗಳವಾರ ತೊಟ್ಟಿಗೆ ಬೀಳುತ್ತಿತ್ತು. ಆದ್ದರಿಂದಲೇ ಎಣ್ಣೆ ಜಾಸ್ತಿ, ಆದ್ದರಿಂದಲೇ ವಿದ್ಯುತ್ತು ಕಡಿಮೆ. ಮೊಳೆಯಲು ಸಿದ್ಧವಾಗುವ ಬೀಜ ತನ್ನ ಗೋಡೆಗಳನ್ನು ತಾನೇ ಒಳಗಿನಿಂದ ಸಡಿಲಿಸಿಕೊಳ್ಳುತ್ತದೆ. ತಾವಾಗಿ ಬಾಗಿಲು ತೆರೆಯುವವರ ಮನೆಯ ಗೋಡೆಯನ್ನು ಅವರು ಇಷ್ಟು ದಿನ ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಮೀಟರಿಗೆ ಯಾವ ಮಂಪರೂ ಹತ್ತಿರಲಿಲ್ಲ.

ಅವಳು ಚಪ್ಪಲಿ ಮೆಟ್ಟದೆ ಗಾಣದ ಮನೆಗೆ ಓಡಿದಳು. ಪೀಪಾಯಿಯ ಕುಸುಬೆ ರುಬ್ಬಿ ತೊಟ್ಟಿಗಿಳಿಸಿ, ಶ್ರುತಿಯನ್ನು ಹಂಡ್ಯಾನ ಕಿವಿಯಾಚೆಗೆ ಏರಿಸಿ ಗುಂಡಿ ಒತ್ತಿದಳು. ಹೊರಗೆ ಟೆಂಪೋ ಬಂದು ಹಾರ್ನ್ ಮಾಡಿತು. ಅಳಿಯ ಹಲಗೆ ಇಳಿಸಿ ಹುಲ್ಲು ಹಾಸುವುದು, ಈರಪ್ಪ ಹಗ್ಗ ಬಿಚ್ಚುವುದು ಕಿಟಕಿಯಲ್ಲಿ ಕಾಣುತ್ತಿತ್ತು. ಹಸಿರು ದೀಪ ಉರಿಯಿತು. ನಳ ಒಣಗಿಯೇ ಇತ್ತು. ಸಂಪಿಗೆ ಬಣ್ಣದ ಒಂದು ಹನಿ ಮೂತಿಯಲ್ಲಿ ತೂಗಾಡಿ ಬಿತ್ತು. ಮತ್ತೊಂದು ಬಿತ್ತು. ಆಮೇಲೆ ಎಳೆ ಕಡಿಯಲೇ ಇಲ್ಲ.

"ಕಾಕಾ! ಬಿಚ್ಚಬ್ಯಾಡ್ರಿ!" ಎಂದು ಅವಳು ಬಯಲಿಗೆ ಬಂದಳು.

"ಬಿಚ್ಚಿದ್ದಾತವ್ವ. ಹೊತ್ತಾಗತೈತಿ, ಬಿಸಲ ಏರೂದ್ರಾಗ ಹೋಗಲಿ."

"ಗಾಣ ಚಾಲೂ ಐತಿ ಕಾಕಾ. ಈಗ, ಈ ಗಳಿಗ್ಯಾಗ ಎಣ್ಣಿ ಬರಾಕತ್ತೈತಿ. ಹಂಡ್ಯಾನ್ನ ನೋಡ್ರಿ."

ಈರಪ್ಪ ನೋಡಿದ. ಹಂಡ್ಯಾ ಹಗ್ಗ ಬಿಚ್ಚಿಸಿಕೊಂಡು, ಟೆಂಪೋದ ಹಲಗೆಯ ಮುಂದೆ ನಿಂತಿತ್ತು. ಕಿವಿಗಳು ನೊಣ ಓಡಿಸಲಷ್ಟೇ ಅಲ್ಲಾಡಿದವು. ಒಂದು ಹೆಜ್ಜೆಯನ್ನೂ ಹಾಕಲಿಲ್ಲ. ಗುರುಬಸವ್ವ ಗಾಣದ ಮನೆಯೊಳಗೆ ಹೋಗಿ ಎಣ್ಣೆಯ ಕೈಯನ್ನೇ ಮುಂದೆ ಹಿಡಿದುಕೊಂಡು ಬಂದಳು. ಎಲ್ಲರೂ ನೋಡುತ್ತಿರುವಾಗ ಹಂಡ್ಯಾ ಮುಂಗಾಲು ಮಡಚಿತು, ಹಿಂಗಾಲು ಮಡಚಿತು, ಟೆಂಪೋದ ಮುಂದೆಯೇ ಭದ್ರವಾಗಿ ಮಲಗಿ ಮೆಲುಕು ಹಾಕತೊಡಗಿತು.

"ಎಬ್ಬಿಸ್ರಿ ಮಾವಾರ, ನನಗ ದಾರಿ ಬಾಳ ಐತಿ," ಎಂದ ಅಳಿಯ.

"ಅವ ಬರಂಗಿಲ್ಲಂತ," ಎಂದ ಈರಪ್ಪ. ಅವನ ಕಣ್ಣು ತುಂಬಿ ಬಂದಿತ್ತು, ಮುಖ ಮಾತ್ರ ನಗುತ್ತಿತ್ತು. "ಹುಗ್ಗಿ ಉಂಡು ಹೋಗ್ರಿ. ನಿಮ್ಮ ಟೆಂಪೋ ಬರಿದ ಹೋಗೂದು ಬ್ಯಾಡ, ಹಿಂಡಿ ಹೇರಿಕೊಂಡ ಹೋಗ್ರಿ."

ಮುಂದಿನ ದಿನಗಳಲ್ಲಿ ನೀಲಗಂಗಾ ಎಲ್ಲವನ್ನೂ ಒರೆಗೆ ಹಚ್ಚಿದಳು. ಮೂರನೆಯ ರಾತ್ರಿಗೆ ಬೀಜ ಮೊಳೆತು ಎಣ್ಣೆ ಕಮಟು ಹಿಡಿಯುತ್ತಿತ್ತು, ಎರಡಕ್ಕೇ ನಿಲ್ಲಿಸಬೇಕು. ಎರಡು ಪೀಪಾಯಿ ಇಟ್ಟುಕೊಂಡರೆ ದಿನಾ ಎರಡು ರಾತ್ರಿಯ ಬೀಜ ಸಿಗುತ್ತದೆ. ಮೆತ್ತನೆಯ ಸದ್ದು ಸಾಕಾದ್ದರಿಂದ ಮೋಡದ ದಿನವೂ ಬಿಸಿಲ ಹಲಗೆಗಳು ಗಾಣವನ್ನು ಎಳೆದವು. ಪರದೆಯ ಮೇಲೆ ಅರಕೇರಿಯವರು ಕನ್ನಡಕವನ್ನು ಹಣೆಗೇರಿಸಿ ಇಳಿಸಿ ಮತ್ತೆ ಏರಿಸಿದರು.

"ಭೇಷ್! ಇನ್ನ ಎಲ್ಲಾ ಊರಿಗೂ ಇದೇ ಪದ್ಧತಿ ಕೊಡೋಣ. ಈಗ ಎತ್ತಿಗೆ ತ್ರಾಸ ಇಲ್ಲಲ್ಲ, ಸೋಮವಾರನೂ ಚಾಲೂ ಇಡು."

ಅದು ನ್ಯಾಯವಾದ ಮಾತೇ ಎಂದು ಅವಳಿಗೂ ಅನ್ನಿಸಿತು. ಸಂಜೆ ಬಯಲಿಗೆ ಹೋಗಿ ಈರಪ್ಪನನ್ನು ಕೇಳಿದಳು. "ಕಾಕಾ, ಹಂಡ್ಯಾಗ ಈಗ ಏನೂ ಕೇಳಂಗಿಲ್ಲ. ಸೋಮವಾರ ಚಾಲೂ ಮಾಡೂನೇನು?"

ಈರಪ್ಪ ಹಂಡ್ಯಾನ ಮುಂದೆ ಹಿಂಡಿಯ ಬುಟ್ಟಿ ಸರಿಸಿದ.

"ಅವಗ ಕೇಳಂಗಿಲ್ಲ, ಖರೆ," ಎಂದ. "ನನಗ ಗೊತ್ತಿರತೈತಲ್ಲ ತಂಗಿ."

ಅಂದು ರಾತ್ರಿಯೇ ನೀಲಗಂಗಾ, ಊರೂರಿಗೆ ಹೋಗುವ ಸೂಚನೆಗಳ ಕೊನೆಯಲ್ಲಿ 'ಸೋಮವಾರ ಗಾಣಕ್ಕೆ ವಿಶ್ರಾಂತಿ' ಎಂದು ಸೇರಿಸಿದಳು. ಅರಕೇರಿಯವರು ಕಾರಣ ಕೇಳಿದ್ದಕ್ಕೆ, ಈ ಪದ್ಧತಿ ಹುಟ್ಟಿದ್ದೇ ಆ ವಿಶ್ರಾಂತಿಯಿಂದ ಸರ್ ಎಂದಳು. ಅವರು ನಕ್ಕು ಒಪ್ಪಿದರು. ಈಗ ಎಷ್ಟೋ ಊರುಗಳಲ್ಲಿ ಸದ್ದಿನ ಗಾಣಗಳು ಸೋಮವಾರ ನಿಲ್ಲುತ್ತವೆ. ಕೊಂಬುಗಳು ಆರಬೇಕು, ತೊಟ್ಟಿ ತೊಳೆಯಬೇಕು ಎಂದು ಅಲ್ಲಿನ ಎಂಜಿನಿಯರುಗಳು ತಮಗೆ ತೋಚಿದ ಕಾರಣ ಹೇಳುತ್ತಾರೆ.

ಈರಪ್ಪ ಆ ಮಾತು ಹೇಳಿದ ಮೇಲಿನ ಮೊದಲ ಸೋಮವಾರ ನೀಲಗಂಗಾ ಬೇಕೆಂದೇ ಕಣವಿಹಾಳದಲ್ಲಿ ಉಳಿದಳು. ಇಳಿಹೊತ್ತಿನಲ್ಲಿ ಬಯಲ ಕಟ್ಟೆಯ ಮೇಲೆ ಈರಪ್ಪನ ಜೊತೆ ಚುರುಮುರಿ ತಿನ್ನುತ್ತ ಕೂತಿದ್ದಾಗ ಹಂಡ್ಯಾ ಇದ್ದಕ್ಕಿದ್ದಂತೆ ಎದ್ದು ನಿಂತಿತು. ಅವಳು ತಟ್ಟನೆ ಗಾಣದ ಮನೆಯ ಕಡೆ ನೋಡಿದಳು. ಬಾಗಿಲಿಗೆ ಬೀಗವಿತ್ತು, ಕಿಟಕಿಯಲ್ಲಿ ಹಸಿರು ದೀಪವಿರಲಿಲ್ಲ. ಹಂಡ್ಯಾ ಕಣ್ಣು ಬಿಟ್ಟುಕೊಂಡೇ ಇತ್ತು. ಸವೆದ ಹಾದಿಯ ಮೇಲೆ ಅವಸರವಿಲ್ಲದೆ, ನಡುವೆ ಒಂದೆಡೆ ನಿಂತು ಬೇಲಿಯ ಮೇಲಿನ ಗುಬ್ಬಿಗಳನ್ನು ನೋಡಿ, ಬಾಲ ಬೀಸುತ್ತ ಒಂದು ಸುತ್ತು ಹಾಕಿತು. ಮೊದಲಿದ್ದಲ್ಲಿಗೇ ಬಂದು ಈರಪ್ಪನ ಮುಖ ನೋಡುತ್ತ ನಿಂತಿತು.

ಅದನ್ನು ಯಾರೂ, ಯಾವ ಸದ್ದೂ ಕರೆದಿರಲಿಲ್ಲ. ಈರಪ್ಪ ಅದರ ಕೊರಳು ತಟ್ಟಿದ. "ಇವತ್ತ ಸೋಮವಾರ ಐತೋ ಹುಚ್ಚಪ್ಪಾ, ಸೂಟಿ," ಎಂದ. ಹಂಡ್ಯಾ ಮಲಗಲಿಲ್ಲ, ಅವನ ಕೈಯಲ್ಲಿದ್ದ ಚುರುಮುರಿಗೆ ಮೂತಿ ಹಾಕಿತು.